ನಾನು ಮುಂಬೈ ಪಕ್ಕದ ಠಾಣೆ ಊರಿನವಳು. ಅಕ್ಟೋಬರ್‌ನಲ್ಲಿ ಕೆಜಿ ಮಕ್ಕಳಿಗೆ ಮೇಪಲ್ ಎಲೆಯ ಪ್ರಿಂಟ್‌ಔಟ್ ಕೊಟ್ಟು ಶರತ್ಕಾಲದ ಎಲೆ ಕ್ರಾಫ್ಟ್ ಮಾಡಿಸುವಾಗ ಚಿತ್ರ, ಓದು, ವಿಜ್ಞಾನ ಮೂರನ್ನೂ ಸೇರಿಸೋದು ಹೇಗೆ?

ಮೊದಲು ಆ ಚಳಿದೇಶದ ಮೇಪಲ್ ಎಲೆಯ ಪ್ರಿಂಟ್‌ಔಟ್ ಬದಿಗಿಡಿ. ನೀವಿರೋದು ಠಾಣೆಯಲ್ಲಿ ಅಂತ ಬರೆದಿದ್ದೀರಿ. ಅಕ್ಟೋಬರ್‌ನಲ್ಲಿ ಇಲ್ಲಿ ಬೆವರು ಸುರಿಯುತ್ತದೆ, ಮರಗಳೆಲ್ಲ ಹಸಿರಾಗೇ ಇರುತ್ತವೆ. ಕಂಡೇ ಇರದ ಮರದ ಎಲೆಗೆ ಸುಮ್ನೆ ಕಿತ್ತಳೆ ಬಣ್ಣ ತುಂಬಿಸಿದರೆ ವಿಜ್ಞಾನ ಎಲ್ಲಿಂದ ಬರಬೇಕು?

ನಾನು ನಿಮ್ಮ ಹತ್ತಿರದ ಡೊಂಬಿವಲಿಯಲ್ಲಿ ಬಾಲವಾಡಿ ಮಕ್ಕಳಿಗೆ ಕಲಿಸುತ್ತೇನೆ. ಈ ಪಾಠವನ್ನು ಜನವರಿ-ಫೆಬ್ರವರಿಗೆ ಇಟ್ಟುಕೊಳ್ಳುತ್ತೇನೆ. ಆಗ ಹೌಸಿಂಗ್ ಸೊಸೈಟಿ ಕಾಂಪೌಂಡಿನ ಬಾದಾಮಿ ಮರ ಕೆಂಪಾಗುತ್ತದೆ. ಮಕ್ಕಳೇ ಎಲೆ ಆರಿಸಿ ತಂದು ಹಸಿರು, ಹಳದಿ, ಕೆಂಪು, ಕಂದು ಅಂತ ಸಾಲಾಗಿ ಜೋಡಿಸಲಿ. ಬಣ್ಣ ಎಲ್ಲಿಂದ ಬಂತು ಟೀಚರ್ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಹಳದಿ ಮೊದಲಿಂದಲೂ ಒಳಗೇ ಇತ್ತು, ಹಸಿರು ಹೋದ ಮೇಲೆ ಕಾಣಿಸಿತು ಅನ್ನಿ. ಕೆಂಪನ್ನು ಮಾತ್ರ ಎಲೆ ಕೊನೆಯಲ್ಲಿ ಹೊಸದಾಗಿ ಮಾಡಿಕೊಳ್ಳುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಎಲೆ ಉದುರಿಸಿ ಮರ ನೀರು ಉಳಿಸಿಕೊಳ್ಳುತ್ತದೆ. ಐದು ವರ್ಷದವರಿಗೆ ಇಷ್ಟು ಸಾಕು. ಪತ್ರಹರಿತ್ತು ಗಿತ್ರಹರಿತ್ತು ಬೇಡ.

ಆಮೇಲೆ ಕ್ರೇಯಾನ್. ಎಲೆಯ ಬೆನ್ನು ಮೇಲೆ ಮಾಡಿ ಇಟ್ಟು, ತೆಳು ಹಾಳೆ ಮುಚ್ಚಿ, ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜಿಸಿ. ಮೊದಲು ನಡುವಿನ ದಪ್ಪ ನರ ಮೂಡುತ್ತದೆ, ಆಮೇಲೆ ಪಕ್ಕದವು, ಕೊನೆಗೆ ಬಲೆಯಂಥ ಸಣ್ಣ ಗೆರೆಗಳು. "ನೀರು ಹೋಗೋ ದಾರಿ ಇದು" ಅಂದರೆ ಸಾಕು, ತೊಟ್ಟಿನಿಂದ ತುದಿಯವರೆಗೆ ಬೆರಳು ಓಡಿಸುತ್ತಾರೆ.

ಓದಿಗೆ ಬೇರೆ ವರ್ಕ್‌ಶೀಟ್ ಬೇಡ. ಚಿತ್ರದ ಬಗ್ಗೆ ಒಂದು ಮಾತು ಹೇಳು ಅಂತ ಒಬ್ಬೊಬ್ಬರನ್ನೇ ಕೇಳಿ, ಹೇಳಿದ್ದನ್ನು ಕೆಳಗೆ ದೊಡ್ಡದಾಗಿ ಬರೆಯಿರಿ. "ನನ್ನ ಎಲೆಗೆ ಹುಳ ತೂತ ಮಾಡೈತಿ" ಅಂದರೆ ಹಾಗೇ ಬರೆಯಿರಿ, ತಿದ್ದಬೇಡಿ. ತನ್ನದೇ ಮಾತಲ್ವಾ, ಮಗು ಬೆರಳಿಟ್ಟು ಓದುತ್ತದೆ. ಅದರಲ್ಲೇ 'ಎ' ಎಲ್ಲಿದೆ ಹುಡುಕು ಅನ್ನಿ.

ಶಾಲೆಯವರು ಅಕ್ಟೋಬರ್‌ನಲ್ಲೇ ಆಗಬೇಕು ಅಂತ ಹಟ ಹಿಡಿದರೆ ದಸರೆಗೆ ಇಲ್ಲಿ ಬಂಗಾರ ಅಂತ ಕೊಡುವ ಆಪ್ಟಾ ಎಲೆ ಬಳಸಿ, ನಮ್ಮ ಕರ್ನಾಟಕದ ಕಡೆ ಬನ್ನಿ ಎಲೆ ಕೊಡುವ ಹಾಗೆ. ಆ ಎಲೆ ತುದಿಯಲ್ಲಿ ಸೀಳಿ ಎರಡು ಭಾಗವಾಗಿರುತ್ತದೆ. ಅರ್ಧ ಎಲೆ ಅಂಟಿಸಿ ಇನ್ನರ್ಧ ಬರೆಸಬಹುದು. ತಲೆಗೊಂದೇ ಎಲೆ ಸಾಕು, ಹಬ್ಬಕ್ಕೆ ಅಂತ ಆ ಮರಗಳನ್ನು ಹೇಗೂ ಬೋಳಿಸುತ್ತಾರೆ. ಹಸಿ ಎಲೆ ನೇರ ಅಂಟಿಸಿದರೆ ಈ ಶೆಕೆಗೆ ಬೂಷ್ಟು ಹಿಡಿಯುತ್ತದೆ. ನ್ಯೂಸ್‌ಪೇಪರ್ ನಡುವೆ ಇಟ್ಟು, ಮೇಲೆ ಪುಸ್ತಕ ಹೇರಿ, ಚೆನ್ನಾಗಿ ಒಣಗಿದ ಮೇಲೆ ಅಂಟಿಸಿ.