ಅಮ್ಮನನ್ನು ಕ್ಯಾನ್ಸರ್ ಟ್ರಯಲ್‌ಗೆ ಸೇರಿಸಬಹುದಾ? ಮೊದಲು ವಿಸಿಟ್ ಪಟ್ಟಿ ಕೇಳಿ

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಅಮ್ಮನಿಗೆ ಸ್ತನ ಕ್ಯಾನ್ಸರ್, ಮನೆ ವಿರಾಜಪೇಟೆ ಹತ್ತಿರ, ಆಪರೇಷನ್ ಆಗಿದೆ, ಈಗ ಮೈಸೂರಿನ ಡಾಕ್ಟರು ಕ್ಲಿನಿಕಲ್ ಟ್ರಯಲ್ (ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನ) ಒಂದಿದೆ, ಸೇರುತ್ತೀರಾ ಅಂತ ಕೇಳಿದ್ದಾರೆ, ನಿಮ್ಮ ಅಣ್ಣ "ಅಮ್ಮ ಏನು ಪ್ರಯೋಗದ ಇಲಿಯಾ" ಅಂತ ಕೂಗಾಡುತ್ತಿದ್ದಾರೆ. ನಾನು ಡಾಕ್ಟರ್ ಅಲ್ಲ. ಸೋಮವಾರಪೇಟೆ ಕಡೆಯವಳು, ತೋಟ ನೋಡಿಕೊಂಡು ಇದ್ದೇನೆ. ನಮ್ಮತ್ತೆ ಇಂಥದ್ದೇ ಒಂದು ಟ್ರಯಲ್‌ನಲ್ಲಿ ಇದ್ದರು, ಜೊತೆಗೆ ಓಡಾಡಿದ್ದು ನಾನು. ಗೊತ್ತಿರುವಷ್ಟು ಹೇಳುತ್ತೇನೆ.

ಅಣ್ಣನ ಸಿಟ್ಟು ಅರ್ಥವಾಗುತ್ತದೆ. ಆದರೆ ಒಬ್ಬರಿಗೆ ಔಷಧಿ, ಇನ್ನೊಬ್ಬರಿಗೆ ಬರೀ ಸಕ್ಕರೆ ಮಾತ್ರೆ ಕೊಟ್ಟು ಸುಮ್ನೆ ನೋಡುತ್ತಾ ಕೂರುತ್ತಾರೆ ಅಂತ ಅವರು ಅಂದುಕೊಂಡಿದ್ದರೆ ಹಾಗಿಲ್ಲ. ಒಳ್ಳೆ ಚಿಕಿತ್ಸೆ ಈಗಾಗಲೇ ಇರುವ ಕಾಯಿಲೆಯಲ್ಲಿ ಸಾಮಾನ್ಯವಾಗಿ ಒಂದು ಗುಂಪಿಗೆ ಎಲ್ಲರಿಗೂ ಕೊಡುವ ಚಿಕಿತ್ಸೆ, ಇನ್ನೊಂದು ಗುಂಪಿಗೆ ಅದರ ಜೊತೆಗೋ ಬದಲಿಗೋ ಹೊಸದು. ಯಾರು ಯಾವ ಗುಂಪಿಗೆ ಅಂತ ಡಾಕ್ಟರು ಆರಿಸುವ ಹಾಗಿಲ್ಲ, ಕಂಪ್ಯೂಟರ್ ಚೀಟಿ ಎತ್ತುತ್ತದೆ. ಎಷ್ಟನೇ ಹಂತದ ಟ್ರಯಲ್ ಅಂತ ಕೇಳಿಕೊಳ್ಳಿ. ಮೊದಲ ಹಂತದಲ್ಲಿ ಎಷ್ಟು ಡೋಸ್ ತಡೆದುಕೊಳ್ಳಬಹುದು ಅಂತಲೇ ಮುಖ್ಯವಾಗಿ ನೋಡುತ್ತಾರೆ, ಮೂರನೇ ಹಂತಕ್ಕೆ ಬರುವಷ್ಟರಲ್ಲಿ ಆ ಔಷಧಿಯ ಬಗ್ಗೆ ತಕ್ಕಮಟ್ಟಿಗೆ ಗೊತ್ತಾಗಿರುತ್ತದೆ.

ಎಲ್ಲಾ ಔಷಧಿ ಕಂಪನಿಯವರ ಆಟ ಅನ್ನುವುದೂ ಪೂರ್ತಿ ಸರಿಯಲ್ಲ. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಆ ಲಿಡೊಕೇನ್ ಇಂಜೆಕ್ಷನ್ನನ್ನು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಸ್ವಲ್ಪ ಮುಂಚೆ ಗಡ್ಡೆಯ ಸುತ್ತ ಕೊಟ್ಟು ನೋಡಿದರು. 11 ಆಸ್ಪತ್ರೆ, ಸುಮಾರು 1,600 ಹೆಂಗಸರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. 5 ವರ್ಷಕ್ಕೆ ಬದುಕಿದ್ದವರು ಇಂಜೆಕ್ಷನ್ ಕೊಟ್ಟ ಗುಂಪಿನಲ್ಲಿ 90.1%, ಕೊಡದ ಗುಂಪಿನಲ್ಲಿ 86.4%. ಇಷ್ಟು ಅಗ್ಗದ ಹಳೇ ಔಷಧಿಗೆ ಯಾವ ಕಂಪನಿ ದುಡ್ಡು ಸುರಿಯುತ್ತದೆ ಹೇಳಿ.

ಇನ್ನು ನನ್ನ ನಿಜವಾದ ಉತ್ತರ. ಕೊಡಗಿನವರು ಸಹಿ ಹಾಕುವ ಮುಂಚೆ ಕೇಳಬೇಕಾದ್ದು ರಸ್ತೆ ವಿಚಾರ. ಮಾಮೂಲಿ ಚಿಕಿತ್ಸೆಯಲ್ಲಿ ಹೇಳಿದ ದಿನ ಹೋಗಿ ಕೀಮೋ ಹಾಕಿಸಿಕೊಂಡು ಬರುತ್ತೇವೆ, ಮಧ್ಯದ ರಕ್ತ ಪರೀಕ್ಷೆ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡಿದರೆ ಎಷ್ಟೋ ಸಲ ನಡೆಯುತ್ತದೆ. ಟ್ರಯಲ್‌ನಲ್ಲಿ ಓಡಾಟ ಜಾಸ್ತಿ. ಕೆಲವು ಪರೀಕ್ಷೆ ಅವರ ಕಡೆಯೇ ಆಗಬೇಕು, ಅದೂ ಗೊತ್ತು ಮಾಡಿದ ದಿನಕ್ಕೆ. ನಮ್ಮ ಜಿಲ್ಲೆಗೆ ರೈಲೂ ಇಲ್ಲ. ಜುಲೈ ಮಳೆಯಲ್ಲಿ, ಅಡ್ಡ ಬಿದ್ದ ಮರ ಕಡಿಯುವವರೆಗೆ ಕಾಯುತ್ತಾ, ವಾಂತಿ ಬರುವ ರೋಗಿಯನ್ನು ಕೂರಿಸಿಕೊಂಡು ಹೋಗಿ ಬರುವುದು ಎಂಥದ್ದು ಅಂತ ನಿಮಗೆ ಬಿಡಿಸಿ ಹೇಳಬೇಕಾ? ಹಾಗಾಗಿ ವಿಸಿಟ್ ಪಟ್ಟಿ, ಅಂದರೆ ಯಾವ ಯಾವ ದಿನ ಆಸ್ಪತ್ರೆಗೆ ಬರಬೇಕು ಅನ್ನುವ ಪಟ್ಟಿ, ಕೈಗೆ ಕೊಡಿ ಅನ್ನಿ. ರಸ್ತೆ ಬಂದ್ ಆದರೆ ಎಷ್ಟು ದಿನ ಹಿಂದೆ ಮುಂದೆ ಆಗಬಹುದು, ಓಡಾಟದ ಖರ್ಚು ಕೊಡುತ್ತಾರಾ, ಹೊಸ ಔಷಧಿ ಫ್ರೀ ಸರಿ, ಜೊತೆಗಿನ ಮಾಮೂಲಿ ಕೀಮೋ ಯಾರ ತಲೆ ಮೇಲೆ, ಆಯುಷ್ಮಾನ್ ಕಾರ್ಡ್ ನಡೆಯುತ್ತದಾ, ಇದನ್ನೆಲ್ಲ ಕೇಳಿ.

ನಮ್ಮತ್ತೆಗೆ ಒಪ್ಪಿಗೆ ಪತ್ರಕ್ಕೆ ಅಲ್ಲೇ ಸಹಿ ಹಾಕಿ ಅಂತ ಕೋಆರ್ಡಿನೇಟರ್ ಹುಡುಗಿ ಪೆನ್ನು ಕೊಟ್ಟಳು. "ತೂಕ ನೋಡದೆ ಕಾಫಿ ಚೀಟಿಗೇ ಸಹಿ ಹಾಕಲ್ಲ ಕಣಮ್ಮ ನಾನು, ಮನೆಗೆ ಕೊಡು, ಓದಿ ತರ್ತೀನಿ" ಅಂದರು. ಮನೆಗೆ ಬಂದರೆ ಕರೆಂಟ್ ಇಲ್ಲ. ಚಾರ್ಜರ್ ಲೈಟ್ ಹಿಡಿದು ನಾನು ಓದಿದೆ, ಅವರು ಮೆಣಸು ಮಾರಿದ ಚೀಟಿಯ ಹಿಂದೆ ಪ್ರಶ್ನೆ ಬರೆದುಕೊಂಡರು. ಮಧ್ಯದಲ್ಲಿ ಬೇಡ ಅನ್ನಿಸಿದರೆ? ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್? ನಾಟಿ ದಿನವೂ ಬರಬೇಕಾ? ಮೂರನೆಯದಕ್ಕೆ ಡಾಕ್ಟರು ನಕ್ಕರು, ಆದರೆ ಪಟ್ಟಿ ತೆಗೆದು ದಿನ ನೋಡಿಯೇ ಉತ್ತರ ಕೊಟ್ಟರು. ಮೊದಲನೆಯದಕ್ಕೆ ಉತ್ತರ ಎಲ್ಲಾ ಕಡೆ ಒಂದೇ: ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಟ್ರಯಲ್‌ನಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಟ್ರಯಲ್‌ಗಳ ಬಗ್ಗೆ ಸರ್ಕಾರ ಮಾಡಿದ 2019ರ ನಿಯಮದಲ್ಲಿವೆ. ಅಂದಹಾಗೆ ನಿರ್ಧಾರ ಅಮ್ಮನದ್ದು. ಅವರಿಗೆ ಬುದ್ಧಿ ಸ್ವಾಧೀನ ಇರುವವರೆಗೆ ನೀವಾಗಲಿ ಅಣ್ಣನಾಗಲಿ ಅವರ ಬದಲು ಸಹಿ ಹಾಕುವಂತಿಲ್ಲ. ಓದಲು ಬಾರದಿದ್ದರೆ ಆಸ್ಪತ್ರೆಗೆ ಸಂಬಂಧ ಇಲ್ಲದ ಸಾಕ್ಷಿ ಎದುರು ಓದಿ ಹೇಳಬೇಕು.

ಜ್ವರದ ವಿಚಾರ ಮಾತ್ರ ಟ್ರಯಲ್ ಸೇರಲಿ ಬಿಡಲಿ ನೆನಪಿಡಿ. ಕೀಮೋ ಆದ ಒಂದು ವಾರದಿಂದ ಎರಡು ವಾರದ ಒಳಗೆ ಬಿಳಿ ರಕ್ತಕಣ ತುಂಬಾ ಇಳಿದಿರುತ್ತದೆ. ಆಗ ಥರ್ಮಾಮೀಟರ್ 100.4 ತೋರಿಸಿದರೆ ಅದು ಎಮರ್ಜೆನ್ಸಿ. ಡೋಲೋ ಕೊಟ್ಟು ಬೆಳಗ್ಗೆ ನೋಡೋಣ ಅನ್ನಬಾರದು, ಮಾತ್ರೆಗೆ ಕಾವು ಇಳಿಯುತ್ತದೆ, ಒಳಗಿನ ಸೋಂಕು ಹಾಗೇ ಇರುತ್ತದೆ. ಬೇಗ ಆಂಟಿಬಯೋಟಿಕ್ ಡ್ರಿಪ್ ಬೀಳಬೇಕು. ಮೈಸೂರಿಗೇ ಓಡಬೇಕಿಲ್ಲ, ಹತ್ತಿರ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಇದು ಆಗುತ್ತದೆ ಅಂತ ಮಳೆಗೆ ಮುಂಚೆ ವಿಚಾರಿಸಿಡಿ. ಹೋದ ತಕ್ಷಣ "ಕೀಮೋ ಪೇಷೆಂಟ್" ಅಂತ ಜೋರಾಗಿ ಹೇಳಿ, ಟ್ರಯಲ್ ಕಾರ್ಡ್ ಕೊಟ್ಟಿದ್ದರೆ ತೋರಿಸಿ. ಜೀಪಿನವರ ನಂಬರ್ ಗೋಡೆ ಮೇಲೆ ಬರೆದಿಡಿ, ಟವರ್ ಹೋದರೆ ಯಾರ ಮನೆ ಲ್ಯಾಂಡ್‌ಲೈನ್ ಅಂತಲೂ.

ಇನ್ನೊಂದು, ಯಾರೂ ಹೇಳದ್ದು. ನಮ್ಮ ಕೊಡಗಿನ ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡದೆ ಇರುತ್ತೀರಾ? ಅದು ತಿಂದರೆ ಮೂತ್ರ ಕೆಂಪಗೆ ಹೋಗುತ್ತದೆ, ನಮಗೆಲ್ಲ ಗೊತ್ತು. ಸ್ತನ ಕ್ಯಾನ್ಸರ್‌ಗೆ ಕೊಡುವ ಕೆಂಪು ಇಂಜೆಕ್ಷನ್, ಡಾಕ್ಸೊರುಬಿಸಿನ್, ಅದರಿಂದಲೂ ಒಂದೆರಡು ದಿನ ಹಾಗೇ ಹೋಗುತ್ತದೆ. ಎರಡೂ ಒಟ್ಟಿಗೆ ಬಂದರೆ ಯಾವುದು ಏನು ಅಂತ ಗಾಬರಿ. ನಮ್ಮತ್ತೆ ಕೇಳಿದ್ದಕ್ಕೆ ಡಾಕ್ಟರು ಈ ವರ್ಷ ಬಿಡಿ ಅಂದರು, ಬಿಟ್ಟರು, ಮುಖ ಊದಿಸಿಕೊಂಡೇ. ಸೊಪ್ಪು, ಕಷಾಯ, ಯಾರೋ ತಂದುಕೊಟ್ಟ ಬೇರು, ಏನೇ ಇರಲಿ ಟ್ರಯಲ್‌ನವರಿಗೆ ಹೇಳಿಬಿಡಿ, ಕೆಲವು ಔಷಧಿ ಜೊತೆ ಅವು ಹೊಂದುವುದಿಲ್ಲ.

ಮಾಹಿತಿ ಪತ್ರದಲ್ಲಿ ಸಿಟಿಆರ್‌ಐ ಅಂತ ಶುರುವಾಗುವ ನಂಬರ್ ಹುಡುಕಿ. 2009ರಿಂದ ಟ್ರಯಲ್‌ಗಳು ಆ ಸರ್ಕಾರಿ ರಿಜಿಸ್ಟ್ರಿಯಲ್ಲಿ ಇರಲೇಬೇಕು, ಆ ನಂಬರ್ ಹಾಕಿದರೆ ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನಂಬರ್ ಇಲ್ಲ, ರೋಗಿಗಳ ಹಿತ ನೋಡಿಕೊಳ್ಳುವ ಎಥಿಕ್ಸ್ ಕಮಿಟಿ ಫೋನೂ ಇಲ್ಲ ಅಂದರೆ ಸಹಿ ಬೇಡ. ಎಲ್ಲಾ ಸರಿಯಿದ್ದು ವಿಸಿಟ್ ಪಟ್ಟಿ ಮಾತ್ರ ನಿಮ್ಮಿಂದ ಆಗುವಂಥದ್ದಲ್ಲ ಅನ್ನಿಸಿದರೂ ಬೇಡ ಅನ್ನಿ, ಅದಕ್ಕೆ ಸಂಕೋಚ ಯಾಕೆ, ಮಾಮೂಲಿ ಚಿಕಿತ್ಸೆ ಏನು ಕಡಿಮೆಯದ್ದಲ್ಲ. ಎರಡನೇ ಅಭಿಪ್ರಾಯ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಇದೆ, ನಿಮ್ಮ ಕಡೆಯಿಂದ ಮಾಕುಟ್ಟ ಇಳಿದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಹತ್ತಿರ. ಪಟ್ಟಿ ಸಿಕ್ಕಿದರೆ ಅಮ್ಮನ ಹೆಸರು, ಫೋನ್ ನಂಬರ್ ಮುಚ್ಚಿ ಫೋಟೋ ಇಲ್ಲಿ ಹಾಕಿ, ಮಳೆಗಾಲದಲ್ಲಿ ಎಷ್ಟು ವಿಸಿಟ್ ಬೀಳುತ್ತದೆ ಅಂತ ಲೆಕ್ಕ ಹಾಕೋಣ.