ಐನೂರು ರೂಪಾಯಿಗೆ ಬರೆದ ನಂಬರ್ ಯಾರದ್ದು?

ಓದುಗರ ಪತ್ರ: “ನನ್ನ ನಾಲ್ಕು ವರ್ಷದ ಫೋನ್ ಆಗಾಗ ನಿಂತುಹೋಗುತ್ತಿತ್ತು. ರಿಪೇರಿ ಅಂಗಡಿಯ ಹುಡುಗ ಸಾಫ್ಟ್‌ವೇರ್ ಹೊಸದಾಗಿ ಹಾಕಿದ. ಆಮೇಲೆ ನೆಟ್‌ವರ್ಕೇ ಬರಲಿಲ್ಲ. ಫೋನಿನ ಗುರುತಿನ ನಂಬರ್ ಐಎಂಇಐ ಅಳಿಸಿಹೋಗಿದೆ ಅಂದವನು ಐನೂರು ರೂಪಾಯಿ ತಗೊಂಡು ಬೇರೆ ನಂಬರ್ ಬರೆದುಕೊಟ್ಟ. ಈಗ ಚೆನ್ನಾಗಿದೆ. ಆದರೆ ಇದು ಅಪರಾಧ ಎಂದು ನನ್ನ ತಂಗಿಯ ಮಗ ಹೆದರಿಸುತ್ತಿದ್ದಾನೆ. ಫೋನ್ ನನ್ನದು, ಕದ್ದಿದ್ದಲ್ಲ. ಇದರಲ್ಲಿ ತಪ್ಪೇನು?”
– ಮೂಡಿಗೆರೆ ತಾಲ್ಲೂಕಿನ ಒಬ್ಬರು

ಸಂಪಾದಕರ ಉತ್ತರ:

ನಿಮ್ಮ ಹೆಸರು ಹಾಕಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಪರವಾಗಿ ಒಂದು ಮಾತು. ಫೋನಿಗೆ ನಂಬರ್ ಬರೆಸುವುದೇ ಪಾಪ ಎಂದೇನಿಲ್ಲ. 2009ರ ಚೀನಾ ಸೆಟ್ಟುಗಳ ಕಾಲ ನೆನಪಿದೆಯಾ? ಜಾತ್ರೆಯ ಮೈಕಿನ ಹಾಗೆ ಕಿರುಚುತ್ತಿದ್ದ ಆ ಫೋನುಗಳಲ್ಲಿ ಎಷ್ಟೋ ಫೋನಿಗೆ ನಂಬರೇ ಇರಲಿಲ್ಲ. ನವೆಂಬರ್ 30ರ ನಂತರ ಅಂಥವು ನಡೆಯಬಾರದು ಎಂದು ಸರ್ಕಾರ ಆದೇಶ ಮಾಡಿತು. ಬಡವರ ಫೋನ್ ಸುಮ್ನೆ ಕಸವಾಗಬಾರದು ಅಂತ 199 ರೂಪಾಯಿ ಕೊಟ್ಟು ಅಸಲಿ ನಂಬರ್ ಹಾಕಿಸಿಕೊಳ್ಳುವ ದಾರಿಯನ್ನೂ ಮಾಡಿಕೊಟ್ಟಿದ್ದರು. ಹಾಗಾಗಿ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ.

ಆದರೆ ಅವು ಯಾರಿಗೂ ಸೇರದ ಹೊಸ ನಂಬರ್‌ಗಳು. ನಿಮ್ಮ ಹುಡುಗ ಬರೆದದ್ದು ಎಲ್ಲಿಂದ ಬಂತು ಮಾರಾಯ್ರೆ? ಕೇಳಿದಿರಾ?

ಐಎಂಇಐ ಅಂದರೆ 15 ಅಂಕಿ. ಮೊದಲ 8 ಅಂಕಿ ಯಾವ ಕಂಪನಿಯ ಯಾವ ಮಾಡೆಲ್ ಅಂತ ಹೇಳುತ್ತದೆ. ಮುಂದಿನ 6 ನಿಮ್ಮ ಸೆಟ್ಟಿನದೇ. ಕೊನೆಯದು ಹಿಂದಿನ 14ನ್ನು ಕೂಡಿ ಕಳೆದು ತಾಳೆ ನೋಡಲು ಇಟ್ಟದ್ದು. ಬಾಯಿಗೆ ಬಂದ ಅಂಕಿ ಬರೆದರೆ ಹೆಚ್ಚಿನ ಸಲ ತಾಳೆಯಾಗುವುದಿಲ್ಲ. ಸುಲಭದ ದಾರಿ ಅಂದರೆ ಇನ್ನೊಂದು ಫೋನಿನ ನಂಬರ್ ಎತ್ತುವುದು. ಅಂಗಡಿಯ ಡ್ರಾಯರಿನಲ್ಲಿ ಬಿದ್ದಿರುವ ಸತ್ತ ಸೆಟ್ಟಿನದೋ, ಬೇರೆ ಯಾರದೋ. ಆ ‘ಯಾರದೋ’ ಫೋನಿನಿಂದ ನಾಳೆ ಒಬ್ಬರಿಗೆ ಬ್ಯಾಂಕ್ ಮೋಸ ಆಯ್ತು ಅಂತಿಟ್ಟುಕೊಳ್ಳಿ. ಪೊಲೀಸರು ನಂಬರ್ ಹಿಡಿದು ಬಂದರೆ ನಿಮ್ಮ ಮನೆ ಬಾಗಿಲಿಗೂ ಬರಬಹುದು. 2020ರಲ್ಲಿ ಉತ್ತರ ಪ್ರದೇಶದ ಮೀರತ್ ಪೊಲೀಸರು ಒಂದು ನಂಬರ್ ಹುಡುಕಲು ಹೊರಟಾಗ ಅದೇ ಐಎಂಇಐ 13 ಸಾವಿರಕ್ಕೂ ಹೆಚ್ಚು ಫೋನುಗಳಲ್ಲಿ ಸಿಕ್ಕಿತು. ಅದರಲ್ಲಿ ಕಳ್ಳ ಯಾರು, ಸಾಚಾ ಯಾರು ಅಂತ ಹೇಗೆ ಹುಡುಕುತ್ತೀರಿ?

ನನಗೆ ಇಷ್ಟು ಸಿಟ್ಟು ಬರಲು ಕಾರಣವಿದೆ. ಎರಡು ವರ್ಷದ ಹಿಂದೆ ಹಾಸನಾಂಬೆಯ ದರ್ಶನಕ್ಕೆ ಹೋಗಿದ್ದೆ. ವರ್ಷಕ್ಕೊಂದೇ ಸಲ ಬಾಗಿಲು ತೆಗೆಯುವ ದೇವಿ, ಸಾಲು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಮಂಗಳಾರತಿ ತಟ್ಟೆಗೆ ಚಿಲ್ಲರೆ ಹುಡುಕುವಾಗ ಜುಬ್ಬಾದ ಜೇಬು ಖಾಲಿ, ಫೋನ್ ಹೋಗಿತ್ತು. ಸ್ಟೇಷನ್ನಿನಲ್ಲಿ ಐಎಂಇಐ ಕೇಳಿದರು. ಮನೆಗೆ ಬಂದು ಫೋನಿನ ಡಬ್ಬ ಹುಡುಕಿದರೆ ಅದು ಅಡುಗೆಮನೆಯಲ್ಲಿ ಏಲಕ್ಕಿ ಡಬ್ಬವಾಗಿತ್ತು. ಚೀಟಿಯ ಮೇಲೆ ಮೊಮ್ಮಗಳು ಚಿಟ್ಟೆಯ ಸ್ಟಿಕ್ಕರ್ ಅಂಟಿಸಿದ್ದಳು. ಕೊಬ್ಬರಿ ಎಣ್ಣೆ ಸವರಿ, ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಭೂತಗನ್ನಡಿ ಹಿಡಿದು ಒಂದೊಂದೇ ಅಂಕಿ ಬರೆದುಕೊಂಡೆ. ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಿದೆ. 2023ರ ಮೇ ತಿಂಗಳಿಂದ ಅದು ಇಡೀ ದೇಶಕ್ಕೆ ಇದೆ. ಒಮ್ಮೆ ಬ್ಲಾಕ್ ಆದರೆ ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುವುದಿಲ್ಲ. ಯಾರಾದರೂ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವೂ ಹೋಗುತ್ತದೆ.

ನಮ್ಮ ಪಕ್ಕದ ಮನೆಯವರ ಫೋನ್ ಹಾಗೆಯೇ ಐದು ತಿಂಗಳಿಗೆ ವಾಪಸ್ ಬಂತು, ಮಗಳ ಮದುವೆಯ ಫೋಟೋ ಸಮೇತ. ನನ್ನದು ಇವತ್ತಿಗೂ ಇಲ್ಲ. “ನಂಬರ್ ಬದಲಾಯಿಸಿಬಿಟ್ಟಿದ್ರೆ ನಮಗೆ ಕಾಣೋದೇ ಇಲ್ಲ ಸಾರ್” ಎಂದರು ಸ್ಟೇಷನ್ನಿನವರು. ನಿಮ್ಮ ಹುಡುಗ ಕಳ್ಳ ಅಂತ ನಾನು ಹೇಳುತ್ತಿಲ್ಲ. ಆದರೆ ಅವನ ಕಂಪ್ಯೂಟರಿನಲ್ಲಿರುವ ಆ ಸಾಫ್ಟ್‌ವೇರ್ ಇಲ್ಲದಿದ್ದರೆ ಕಳ್ಳನಿಗೆ ನನ್ನ ಫೋನ್ ಬರೀ ಬಿಡಿಭಾಗದ ಬೆಲೆಗೆ ಹೋಗುತ್ತಿತ್ತು.

ಬೇಲೂರು ತಾಲ್ಲೂಕಿನ ಹಲ್ಮಿಡಿ ನಿಮಗೆ ಪಕ್ಕದಲ್ಲೇ ಇದೆ. ಸುಮಾರು ಕ್ರಿ.ಶ. 450ರದು ಎನ್ನುವ ಆ ಶಾಸನದ ಬಗ್ಗೆ ರಾಜ್ಯೋತ್ಸವದ ದಿನ ಎಲ್ಲರೂ ಭಾಷಣ ಮಾಡುತ್ತಾರೆ, ಅದರಲ್ಲಿ ಏನಿದೆ ಅಂತ ಓದಿದವರು ಕಡಿಮೆ. ಕದ್ದವನು ಮಹಾಪಾತಕಿ ಅನ್ನುತ್ತದೆ. ಅಲ್ಲಿಗೇ ನಿಲ್ಲಿಸುವುದಿಲ್ಲ, ದಾನವನ್ನು ಅಳಿದವನಿಗೂ, ಅಂದರೆ ಅಳಿಸಿ ಕೆಡಿಸಿದವನಿಗೂ, ಮಹಾಪಾತಕ ಅನ್ನುತ್ತದೆ. ಕದಿಯುವವನು ಬೇರೆ, ಅಳಿಸುವವನು ಬೇರೆ, ಇಬ್ಬರಿಗೂ ಒಂದೇ ಶಾಪ! ಬ್ರಿಟನ್ನಿನವರಿಗೆ ಇದು 2002ರಲ್ಲಿ ಹೊಳೆಯಿತು. ಫೋನಿನ ನಂಬರ್ ತಿದ್ದಿದವರಿಗೆ ಐದು ವರ್ಷದವರೆಗೆ ಜೈಲು ಎಂದು ಕಾನೂನು ಮಾಡಿದರು. ನಮ್ಮಲ್ಲಿ 2017ರಲ್ಲಿ ನಿಯಮ ಬಂತು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತಿದ್ದಿದ ಫೋನ್ ಅಂತ ಗೊತ್ತಿದ್ದೂ ಇಟ್ಟುಕೊಳ್ಳುವುದೂ ಅದೇ ಲೆಕ್ಕಕ್ಕೆ ಬರುತ್ತದೆ. ನಿಮಗೆ ಗೊತ್ತಿದೆ ಅನ್ನುವುದಕ್ಕೆ ನಿಮ್ಮ ಕೈಬರಹದ ಪತ್ರ ನನ್ನ ಮೇಜಿನ ಮೇಲಿದೆ. ಹೆಸರು ಹಾಕದ್ದು ಯಾಕೆ ಅಂತ ಈಗ ತಿಳಿಯಿತಲ್ವಾ?

ಇನ್ನೊಂದು. ಆ ಕಳೆದ ಫೋನಿಗೆ ನನ್ನ ಹತ್ತಿರ ಬಿಲ್ ಇರಲಿಲ್ಲ. ಕೊಳ್ಳುವಾಗ ಕೇಳಿದ್ದೆ. “ಬಿಲ್ ಬೇಕಂದ್ರೆ ಜಿಎಸ್‌ಟಿ ಬೀಳುತ್ತೆ ಸಾರ್” ಎಂದು ಅಂಗಡಿಯವನು ನನಗೇ ಉಪಕಾರ ಮಾಡುವವನ ಹಾಗೆ ನಕ್ಕ. ನಾನೂ ಸಂಪಾದಕ ಅನ್ನುವುದು ಮರೆತು ಪೆನ್ಸಿಲಿನ ಚೀಟಿ ಮಡಚಿ ಜೇಬಿಗಿಟ್ಟೆ. ನಮ್ಮ ಜಿಲ್ಲೆಯ ಅರ್ಧ ವ್ಯಾಪಾರ ಇಂಥ ಚೀಟಿಯ ಮೇಲೇ ನಡೆಯುತ್ತದೆ. ಮೆಣಸು ಮಾರಿದರೂ ಚೀಟಿ, ಗೊಬ್ಬರ ತಂದರೂ ಚೀಟಿ, ಮಿಕ್ಸಿ ಕೊಂಡರೂ ಚೀಟಿ. ಗೊಬ್ಬರ ಕಲಬೆರಕೆ ಅಂತ ಜಗಳಕ್ಕೆ ಹೋದಾಗ ‘ನಮ್ಮ ಅಂಗಡಿದಲ್ಲ’ ಅನ್ನುತ್ತಾರೆ. ತೋಟಕ್ಕೆ ನುಗ್ಗಿ ಕಾಫಿ ಕೊಯ್ದುಕೊಂಡು ಹೋದರು ಅಂತ ಅಳುವ ನಾವೇ, ಡಬ್ಬವಿಲ್ಲದ ಫೋನ್ ಅರ್ಧ ಬೆಲೆಗೆ ಸಿಕ್ಕಿದರೆ ಯಾರದು ಅಂತ ಕೇಳುವುದಿಲ್ಲ. ಕೇಳುವುದು ಕಷ್ಟವೂ ಅಲ್ಲ. ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ ನಂಬರ್ ಬರುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಡಬ್ಬದ ಮೇಲಿನ ಮಾಡೆಲ್ ಒಂದು, ಬಂದ ಉತ್ತರ ಇನ್ನೊಂದಾದರೆ ಕೊಳ್ಳಬೇಡಿ.

ನಿಮ್ಮ ಫೋನಿನ ವಿಚಾರ. ಬಿಲ್ಲು, ಡಬ್ಬ ಎರಡೂ ಇದ್ದರೆ ತಗೊಂಡು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ, ನಡೆದದ್ದನ್ನು ನಡೆದ ಹಾಗೆ ಹೇಳಿ. ಬೋರ್ಡ್ ಬದಲಾಯಿಸಬೇಕು ಅಂದರೆ ಐನೂರಕ್ಕಿಂತ ಜಾಸ್ತಿಯೇ ಆಗುತ್ತದೆ. ನಾಲ್ಕು ವರ್ಷದ ಫೋನಿಗೆ ಅಷ್ಟು ಹಾಕುವುದು ಬೇಡ ಅನಿಸಿದರೆ ಹೊಸದು ತಗೊಳ್ಳಿ, ಬಿಲ್ ಸಮೇತ.

ತಂಗಿಯ ಮಗನನ್ನು ಬಯ್ಯಬೇಡಿ. ಈ ಸಂಚಿಕೆಯ ಎರಡು ಪ್ರತಿ ನಿಮ್ಮ ವಿಳಾಸಕ್ಕೆ ಕಳಿಸಿದ್ದೇನೆ. ಒಂದು ಅವನಿಗೆ, ಇನ್ನೊಂದು ಆ ರಿಪೇರಿ ಹುಡುಗನಿಗೆ.