ತಪ್ಪು ಮಾಡದವನಿಗೆ ಇಂಟರ್ನೆಟ್ ನಿರ್ಬಂಧದಿಂದ ಏನು ನಷ್ಟ?

"ಸರ್ಕಾರ ಒಂದಿಷ್ಟು ವೆಬ್‌ಸೈಟು, ಖಾತೆ ಮುಚ್ಚಿಸಿದರೆ ತಪ್ಪು ಮಾಡದ ನನಗೇನು ನಷ್ಟ?" ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ವಕೀಲಿಕೆ ಮಾಡುವವನು. ನನ್ನ ಹತ್ತಿರ ಬರುವುದು ಬಹುಪಾಲು ಹೊಲ-ಮನೆ ವ್ಯಾಜ್ಯಗಳೇ, ಹಾಗಾಗಿ ಉತ್ತರವೂ ಅಲ್ಲಿಂದಲೇ ಶುರುವಾಗುತ್ತದೆ.

ಒಂದು ಎಕರೆ ಹೊಲದ ಪಹಣಿಯಲ್ಲಿ ಹೆಸರು ಬದಲಾಗಬೇಕಾದರೂ ನೋಟಿಸ್ ಹೊರಡಬೇಕು. ತಕರಾರು ಬಂದರೆ ಎರಡೂ ಕಡೆಯವರನ್ನು ಕೇಳಿ, ಆದೇಶ ಬರೆಯಬೇಕು. ಆದೇಶ ತಪ್ಪು ಅನ್ನಿಸಿದರೆ ನಕಲು ತೆಗೆಸಿ ಮೇಲ್ಮನವಿಗೆ ಹೋಗುತ್ತೇವೆ. ನಕಲೇ ಸಿಗದಿದ್ದರೆ ಎಂಥ ದೊಡ್ಡ ವಕೀಲರನ್ನು ಹಿಡಿದರೂ ಕೇಸು ನಿಲ್ಲುವುದಿಲ್ಲ. ಇಂಟರ್ನೆಟ್ ನಿರ್ಬಂಧದಲ್ಲಿ ಸಿಗದೇ ಇರುವುದು ಈ ನಕಲೇ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಕೇಂದ್ರ ಸರ್ಕಾರಕ್ಕೆ ವೆಬ್‌ಸೈಟು, ಖಾತೆ, ಪೋಸ್ಟು ತಡೆಯುವ ಅಧಿಕಾರ ಕೊಡುತ್ತದೆ. ದೇಶದ ಸಾರ್ವಭೌಮತೆ, ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಶಾಂತಿ, ಹೀಗೆ ಕೆಲವೇ ಕಾರಣಗಳಿಗೆ. ಅಧಿಕಾರಿಯ ಬಗ್ಗೆ ಒರಟಾಗಿ ಬರೆದರು ಅನ್ನುವುದು ಆ ಪಟ್ಟಿಯಲ್ಲಿಲ್ಲ. 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹವಾಗಿ ಬರೆದರೆ ಶಿಕ್ಷೆ ಎನ್ನುತ್ತಿದ್ದ 66ಎ ಕಲಂ ಅನ್ನು ರದ್ದು ಮಾಡಿತು, 69ಎ ಅನ್ನು ಉಳಿಸಿತು. ಉಳಿಸಲು ಕೊಟ್ಟ ಕಾರಣಗಳಲ್ಲಿ ಒಂದು: ತಡೆಯುವ ಆದೇಶದಲ್ಲಿ ಕಾರಣಗಳನ್ನು ಬರೆದೇ ಇಡಬೇಕು, ಹಾಗಾಗಿ ಅದನ್ನು ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಿ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಕೇಳಲು ಚೆಂದವಾಗಿದೆ. ಆದರೆ ಅದೇ ಕಲಂ ಅಡಿಯ 2009ರ ನಿಯಮಗಳಲ್ಲಿ 16ನೆಯದು, ಬಂದ ದೂರು ಮತ್ತು ಕೈಗೊಂಡ ಕ್ರಮ ಎಲ್ಲವೂ ಗೌಪ್ಯ ಅನ್ನುತ್ತದೆ. ಕಾರಣ ಬರೆದಿರುತ್ತಾರೆ, ಓದಲು ಮಾತ್ರ ಕೊಡುವುದಿಲ್ಲ!

ನಮ್ಮದೇ ಹೈಕೋರ್ಟಿನ ಉದಾಹರಣೆ ನೋಡಿ. ಇಂಥ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಕಂಪನಿ ಬೆಂಗಳೂರಿನಲ್ಲಿ ಅರ್ಜಿ ಹಾಕಿತ್ತು. 2023ರ ಜೂನ್ 30ರಂದು ಅದು ವಜಾ ಆಯಿತು, ಜೊತೆಗೆ 50 ಲಕ್ಷ ರೂಪಾಯಿ ದಂಡ. ತೀರ್ಪಿನ ಸರಿತಪ್ಪು ಆಮೇಲಿನ ಮಾತು. ನನಗೆ ಚುಚ್ಚಿದ್ದು ಬೇರೆ: ಬಾಯಿ ಕಟ್ಟಿಸಿಕೊಂಡವರು ಖಾತೆದಾರರು, ಕೋರ್ಟಿಗೆ ಹೋಗಿದ್ದು ಕಂಪನಿ. ಯಾಕೆಂದರೆ ಆದೇಶ ಕಂಪನಿಯ ಕೈಯಲ್ಲಿತ್ತು.

ಗೌಪ್ಯತೆ ಅನಿವಾರ್ಯ ಅನ್ನುವವರಿಗೆ 2020ರ ಜೂನ್ 29 ನೆನಪಿಸುತ್ತೇನೆ. ಅವತ್ತು ಟಿಕ್‌ಟಾಕ್ ಸೇರಿ 59 ಚೀನಾ ಆ್ಯಪ್‌ಗಳನ್ನು ಇದೇ 69ಎ ಅಡಿ ನಿಷೇಧಿಸಿದ ಸರ್ಕಾರ, ಹೆಸರುಗಳ ಪಟ್ಟಿಯನ್ನು ತಾನೇ ಪತ್ರಿಕಾ ಪ್ರಕಟಣೆಯಲ್ಲಿ ಹೊರಡಿಸಿತು. ದೇಶದ ಭದ್ರತೆಯ ವಿಷಯವನ್ನೇ ಹೇಳಬಹುದಾದರೆ ಒಬ್ಬ ಪತ್ರಕರ್ತನ ಖಾತೆಯ ವಿಷಯ ಹೇಳಲು ಏನಡ್ಡಿ? ನಮ್ಮ ಭಾಗದ ಹಿರಿಯರಿಗೆ ನಿಜಾಮರ ಕಾಲದ 'ಗಶ್ತಿ ನಿಶಾನ್ 53' ಗೊತ್ತಿತ್ತು. ಸಭೆ ಸೇರುವುದಕ್ಕೂ ಮೊದಲೇ ಅನುಮತಿ ಬೇಕೆಂಬ ಸುತ್ತೋಲೆ ಅದು. ಕೆಟ್ಟದ್ದೇ, ಆದರೂ ಅದಕ್ಕೊಂದು ನಂಬರಿತ್ತು, ಹೆಸರಿಟ್ಟು ವಿರೋಧಿಸಬಹುದಿತ್ತು.

ನೀವು ಕೇಳಬಹುದು, ಸುಳ್ಳು ಸುದ್ದಿ ಹರಡಲು ಬಿಡಬೇಕೇನ್ರಿ ಅಂತ. ಖರೇ ಮಾತು. ನಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಇಂಜಿನಿಯರ್ ಒಬ್ಬನನ್ನು ಹೊಡೆದು ಕೊಂದಿತು. ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಅವನಿದ್ದ ಕಾರು ಮುರ್ಕಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಆ ಸಂಜೆ ನೆಟ್ ಬಂದ್ ಮಾಡಿ ಉಳಿಸಬಹುದಿತ್ತೇ? ಅಂಥ ಆದೇಶಕ್ಕೆ ಆಗಿನ ನಿಯಮದಂತೆ ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯ ಸಹಿ ಬೇಕಿತ್ತು. ಅಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಚಾಟ್‌ಗಳಿಗೆ ಮುಂದೂಡುವ ಮಿತಿ ತರುವುದಾಗಿ ಹೇಳಿತು. ಯಾರ ಬಾಯಿಯನ್ನೂ ಮುಚ್ಚದ ಕ್ರಮ ಅದು. ಮಕ್ಕಳ ಅಶ್ಲೀಲ ಚಿತ್ರದಂಥವನ್ನು ತಡೆಯುವುದಕ್ಕೂ ನನ್ನ ತಕರಾರಿಲ್ಲ.

ಇಡೀ ಊರಿಗೇ ನೆಟ್ ಬಂದ್ ಆದಾಗಿನ ನಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ತೊಗರಿ ಮಾರಿದವನಿಗೆ ಫೋನ್‌ಪೇ ಬರುವುದಿಲ್ಲ, ರೇಷನ್ ಅಂಗಡಿಯ ಯಂತ್ರ ಹೆಬ್ಬೆಟ್ಟು ತಗೊಳ್ಳುವುದಿಲ್ಲ. ಅವರ್ಯಾರೂ ಏನೂ ಬರೆದವರಲ್ಲ, ನಿಮ್ಮ ಹಾಗೆ ತಪ್ಪು ಮಾಡದವರೇ. 2020ರ ಜನವರಿಯಲ್ಲಿ ಅನುರಾಧಾ ಭಸೀನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು ಅಂದಿದೆ. ಬಂದ್ ಆದ ದಿನ ಮೊದಲು ಕೇಳಬೇಕಾದ್ದು ಆ ಆದೇಶವನ್ನೇ.

ನಾಳೆ ನಿಮ್ಮದೇ ಖಾತೆ ಅಥವಾ ಪೋಸ್ಟು ಮಾಯವಾದರೆ, ಕಂಪನಿಯಿಂದ ಬಂದ ಇಮೇಲ್ ಅಳಿಸಬೇಡಿ. ಯಾವ ಕಲಂ ಅಡಿ ತಡೆದಿದ್ದೀರಿ ಅಂತ ಅವರನ್ನು ಬರವಣಿಗೆಯಲ್ಲೇ ಕೇಳಿ. ಮಾಹಿತಿ ಹಕ್ಕಿನಡಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೂ ಒಂದು ಅರ್ಜಿ ಹಾಕಿ. ಬಹುಶಃ ಗೌಪ್ಯ ಅಂತ ತಿರಸ್ಕರಿಸುತ್ತಾರೆ. ಆ ತಿರಸ್ಕಾರದ ಪತ್ರವನ್ನೇ ಜೋಪಾನ ಮಾಡಿ, ರಿಟ್ ಅರ್ಜಿಗೆ ಲಗತ್ತಿಸಲು ಬೇಕಾಗುತ್ತದೆ.